ನಾಜಿಯಾಳ ಹೆಸರಿನ ನಂಬರು

ಸೋಮವಾರ ಬೆಳಿಗ್ಗೆ ಸೇಡಂ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಮೊಬೈಲ್ ಅಂಗಡಿಯ ಮುಂದೆ ಸಿಮೆಂಟ್ ಕಾರ್ಖಾನೆಯ ಬಿಳಿ ಜೀಪು ಬಂದು ನಿಂತಾಗ ನಾಜಿಯಾ ಒಳಗೆ ಚಹಾ ಸೋಸುತ್ತಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹೂವಿನ ಪರದೆ. ಅಂಗಡಿಯಲ್ಲಿ ಯಾರು ಕೆಮ್ಮಿದರೂ ಒಲೆಯ ಮುಂದೆ ಕೇಳುತ್ತಿತ್ತು. ಜೀಪಿನಿಂದ ಇಳಿದವನು ಕಾರ್ಖಾನೆಯ ಅತಿಥಿಗೃಹ ನೋಡಿಕೊಳ್ಳುವ ಶಾಂತಕುಮಾರ. ಅವನು ಕೂಡ್ರಲೂ ಇಲ್ಲ, ಚಹಾ ಬೇಕೆನ್ನಲೂ ಇಲ್ಲ. ಟರ್ಕಿ ದೇಶದಿಂದ ಬಂದಿದ್ದ ಇಂಜಿನಿಯರ್ ಸಾಹೇಬರು ನಿನ್ನೆ ಮುಂಜಾನೆ ಅಡಿಗೆಯವನ ಮೋಟರ್ ಸೈಕಲ್ ಕೇಳಿ ತೆಗೆದುಕೊಂಡು ಚಿಂಚೋಳಿ ಕಾಡು ನೋಡಿ ಬರುತ್ತೇನೆಂದು ಹೋದವರು ಇನ್ನೂ ಬಂದಿಲ್ಲವಂತೆ. ಅವರ ಊರಿನ ನಂಬರು ಹತ್ತುತ್ತಿಲ್ಲ. ಆಗಾಗ ಈ ಅಂಗಡಿಗೆ ಬರುತ್ತಿದ್ದರಂತಲ್ಲ, ಇಲ್ಲಿಯ ನಂಬರು ಏನಾದರೂ ಇಟ್ಟುಕೊಂಡಿದ್ದರೇ ಎಂದು ಕೇಳಿದ.

ನಾಜಿಯಾಳ ಕೈ ಪಾತ್ರೆಯ ಮೇಲೆಯೇ ನಿಂತಿತು.

"ಇಲ್ರಿ ಸಾಹೇಬ್ರೆ," ಎಂದ ಅವಳ ಗಂಡ ಮುಕ್ರಮ. "ಜುಮ್ಮಾ ನಮಾಜಿನಾಗ ನೋಡ್ತಿದ್ದೆ. ಚಾರ್ಜರ್ ಗೀರ್ಜರ್ ತಗೊಳ್ಳಾಕ ಬರ್ತಿದ್ರು. ನಂಬರ್ ನನಗ ಗೊತ್ತಿಲ್ಲ."

ಗೊತ್ತಿಲ್ಲದೆ ಏನು? ಆ ಸಿಮ್ಮನ್ನು ತನ್ನ ಕೈಯಾರೆ ಕತ್ತರಿಸಿ, ಆ ಮನುಷ್ಯನ ಫೋನಿಗೆ ಹಾಕಿ, ಊಟ ಹಾಕಿ ಕಳಿಸಿದವನೇ ಅವನು. ಸಿಮ್ ಇದ್ದದ್ದು ನಾಜಿಯಾಳ ಹೆಸರಿನಲ್ಲಿ.

ಇಂಜಿನಿಯರನ ಹೆಸರು ಜೆಮಿಲ್. ಸೇಡಂನ ಬಾಯಿಗೆ ಅದು ಮೊದಲ ವಾರದಲ್ಲೇ ಜಮೀಲ್ ಸಾಬ ಆಗಿತ್ತು. ಕಾರ್ಖಾನೆಯ ಕುಲುಮೆಯೊಳಗೆ ಹೊಸ ಇಟ್ಟಿಗೆ ಕೂಡ್ರಿಸುವ ಕೆಲಸಕ್ಕೆ ಬಂದವನು. ಶುಕ್ರವಾರ ಮಸೀದಿಯಲ್ಲಿ ಮುಕ್ರಮನ ಬಾಜೂಕೇ ನಿಂತ, ಎರಡನೆಯ ಶುಕ್ರವಾರ ಅಂಗಡಿಗೆ ಬಂದ. ಅವನಿಗೆ ಕನ್ನಡವೂ ಬರದು, ಉರ್ದುವೂ ಬರದು. ಆದರೆ ದುಕಾನು, ಸಾಬೂನು, ದುನಿಯಾ, ಖಬರು ಎಂಬ ಮಾತುಗಳು ಅವನ ಭಾಷೆಯಲ್ಲೂ ಇದ್ದವು. ಒಂದೊಂದು ಮಾತು ಹೊಂದಿದಾಗಲೂ ಇಬ್ಬರೂ ಕಳೆದುಹೋದ ತಮ್ಮ ಸಿಕ್ಕಂತೆ ಖುಷಿಪಡುತ್ತಿದ್ದರು.

ಅವನ ಕಷ್ಟ ಫೋನಿನದು. ಊರಿನ ಸಿಮ್ಮಿನಿಂದ ಒಂದು ಸಲ ಮನೆಗೆ ಮಾತಾಡಿದ್ದಕ್ಕೆ ಬಂದ ಬಿಲ್ಲು ನೋಡಿ ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದ. ಅತಿಥಿಗೃಹದ ವೈಫೈ ಹಾಲಿನಲ್ಲಿ ಮಾತ್ರ, ಅದೂ ಟಿವಿಯ ಪಕ್ಕದ ಮೂಲೆಯಲ್ಲಿ. ಮಗಳ ಮುಖ ಮೂಗಿನ ತನಕ ಬಂದು ನಿಂತುಬಿಡುತ್ತಿತ್ತಂತೆ. ಪರದೇಶದವರಿಗೆ ಸಿಮ್ ಕೊಡಬೇಕೆಂದರೆ ಪಾಸ್‌ಪೋರ್ಟು, ವೀಸಾ, ಇಲ್ಲಿಯವರೊಬ್ಬರ ಜವಾಬ್ದಾರಿ, ಎಲ್ಲ ಬೇಕು. ಕಾರ್ಖಾನೆಯ ಆಫೀಸು ಈ ವಾರ ಮಾಡಿಸುತ್ತೇವೆ, ಬರುವ ವಾರ ಮಾಡಿಸುತ್ತೇವೆ ಎಂದು ದಿನ ತಳ್ಳುತ್ತಿತ್ತು. ಜಮೀಲ್ ಸಾಬ ಅಂಗಡಿಯ ಸ್ಟೂಲಿನ ಮೇಲೆ ಕೂತು ಮಗಳ ಫೋಟೋ ತೋರಿಸಿ ಕಣ್ಣು ಒರೆಸಿಕೊಂಡ. ಮುಕ್ರಮನಿಗೆ ತಡೆಯಲಾಗಲಿಲ್ಲ. ಮನೆಗೆ ಬಂದ ಮೆಹಮಾನನನ್ನು ಬರಿಗೈಯಲ್ಲಿ ಕಳಿಸಿದರೆ ಅವನಿಗೆ ಅನ್ನ ಸೇರುವುದಿಲ್ಲ. ಅವನ ಅಪ್ಪನೂ ಹಾಗೇ ಇದ್ದ, ಅಜ್ಜನೂ ಹಾಗೇ ಇದ್ದನಂತೆ.

ಅವನ ಗಲ್ಲೆಯಲ್ಲಿ ನಾಲ್ಕಾರು ಸಿಮ್ಮುಗಳು ಸುಮ್ಮನೆ ಬಿದ್ದಿರುತ್ತಿದ್ದವು. ತಿಂಗಳಿಗೆ ಇಷ್ಟು ಹೊಸ ಸಿಮ್ ಹೋಗಲೇಬೇಕೆಂದು ಏಜೆಂಟ್ ಗಂಟುಬೀಳುತ್ತಿದ್ದ. ಗಿರಾಕಿ ಕಡಿಮೆ ಬಿದ್ದಾಗ ಮುಕ್ರಮ ಹೆಬ್ಬೆಟ್ಟಿನ ಮಶೀನು ಹಿಡಿದು ಪರದೆಯೊಳಗೆ ಬರುತ್ತಿದ್ದ. ನಾಜಿಯಾ ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡು ಹೆಬ್ಬೆಟ್ಟು ಇಡುತ್ತಿದ್ದಳು, ಯಾಕೆಂದು ಕೇಳುತ್ತಿರಲಿಲ್ಲ. ಚಿತ್ತಾಪುರದ ಕಾಲೇಜಿನಲ್ಲಿ ಬಿ.ಎ. ಮಾಡಿದವಳು ಅವಳು. ಕೇಳಬಹುದಿತ್ತು. ಕೇಳಲಿಲ್ಲ, ಅಷ್ಟೆ. ಅಂಥದ್ದೊಂದು ಸಿಮ್ಮನ್ನೇ ಮುಕ್ರಮ ಜಮೀಲ್ ಸಾಬನಿಗೆ ಕೊಟ್ಟ. ಕೊಡುವಾಗ ಕೈಮಾಡಿ, ಬಾಯಿಮಾಡಿ ಒಂದು ಮಾತು ಖಡಕ್ಕಾಗಿ ತಿಳಿಸಿದ್ದ. ಈ ನಂಬರು ಯಾರಿಗೂ ಕೊಡಬಾರದು. ಕಾರ್ಖಾನೆಯವರಿಗಂತೂ ಬೇಡವೇ ಬೇಡ. ಇದರ ನೆಟ್ಟಿನಿಂದ ಮನೆಯವರ ಕೂಡ ಮಾತಾಡು, ಮುಗಿಯಿತು. ಜಮೀಲ್ ಸಾಬ ಎದೆಯ ಮೇಲೆ ಕೈ ಇಟ್ಟು ಒಪ್ಪಿದ.

ಒಪ್ಪಿದ್ದನ್ನು ನಡೆಸಿಕೊಂಡನೂ ಹೌದು. ಅದಕ್ಕೇ ಇವತ್ತು ಆ ನಂಬರು ಈ ಭೂಮಿಯ ಮೇಲೆ ಇನ್ಯಾರಿಗೂ ಗೊತ್ತಿರಲಿಲ್ಲ, ಈ ಗಂಡ ಹೆಂಡತಿಯ ಹೊರತು.

ಜೀಪು ಧೂಳೆಬ್ಬಿಸಿ ಹೋದ ಮೇಲೆ ನಾಜಿಯಾ ಪರದೆ ಸರಿಸಿ ಹೊರಗೆ ಬಂದಳು. ಗಂಡ ಯಾವುದೋ ಗಿರಾಕಿಯ ಫೋನಿನ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

"ರಿಚಾರ್ಜ್ ಮಾಡಿದ್ರೇನು ಅವರಿಗೆ?" ಎಂದು ಕೇಳಿದಳು.

ಮುಕ್ರಮ ಕತ್ತು ಎತ್ತಲಿಲ್ಲ. ಅಲ್ಲಿಗೆ ಅವಳಿಗೆ ತಿಳಿಯಿತು.

ಆ ರಿಚಾರ್ಜಿನದೇ ಒಂದು ತಮಾಷೆ ಆಗಿತ್ತು. ಮೊದಲ ಸಲ ಪ್ಲಾನು ಮುಗಿದಾಗ ಜಮೀಲ್ ಸಾಬ ಸಿಟ್ಟಾಗಿ ಅಂಗಡಿಗೆ ಬಂದಿದ್ದ. ತಿಂಗಳು ಎಂದಿರಿ, ತಿಂಗಳು ಇನ್ನೂ ಆಗಿಲ್ಲ, ಫೋನು ಸತ್ತಿದೆ ಎಂದು ಕ್ಯಾಲೆಂಡರು ತೋರಿಸಿದ. ಇಲ್ಲಿ ತಿಂಗಳೆಂದರೆ ಇಪ್ಪತ್ತೆಂಟೇ ದಿನ ಎಂದು ಮುಕ್ರಮ ಬೆರಳು ಮಡಚಿ ತೋರಿಸಿದಾಗ ಅವನು ಬಹಳ ಹೊತ್ತು ಲೆಕ್ಕ ಹಾಕಿ, ಹಾಗಾದರೆ ನಿಮ್ಮ ವರ್ಷಕ್ಕೆ ಹದಿಮೂರು ತಿಂಗಳು ಎಂದು ನಕ್ಕುಬಿಟ್ಟ. ಪರದೆಯ ಹಿಂದೆ ನಾಜಿಯಾಗೂ ನಗೆ ಬಂದಿತ್ತು. ಕಂಪನಿಯಿಂದ ಎಚ್ಚರಿಕೆಯ ಮೆಸೇಜು ಬರುವುದು ಕನ್ನಡದಲ್ಲಿ, ಅವನಿಗೆ ಅದು ಗೆರೆ ಎಳೆದಂತೆ. ಮುಕ್ರಮ ಅವನ ಭುಜ ತಟ್ಟಿ, ನೀವು ಯಾಕ ಫಿಕರ್ ಮಾಡ್ತೀರಿ, ಪ್ರತಿ ನಾಲ್ಕನೇ ಐತವಾರ ಮುಂಜಾನೆ ನಾನೇ ಹಾಕ್ತೀನಿ, ನಿಮ್ಮ ತಲಿಗೆ ಅದು ಬ್ಯಾಡ ಎಂದು ಮಾತು ಕೊಟ್ಟ. ಅಂದಿನಿಂದ ಜಮೀಲ್ ಸಾಬ ಲೆಕ್ಕ ಇಡುವುದನ್ನೇ ಬಿಟ್ಟ.

ನಿನ್ನೆಯದು ನಾಲ್ಕನೇ ಐತವಾರ. ನಿನ್ನೆ ಇವರು ಅಂಗಡಿಗೆ ಬೀಗ ಹಾಕಿ ಚಿತ್ತಾಪುರಕ್ಕೆ ಹೋಗಿದ್ದರು. ಮುಕ್ರಮನ ತಂಗಿಯ ಕೂಸಿಗೆ ಹೆಸರಿಡುವ ಅಕೀಕಾ. ಅವನು ಮಟನ್ ಹಂಚುವ ಗದ್ದಲದಲ್ಲಿ ಎಲ್ಲ ಮರೆತಿದ್ದ.

ನಾಜಿಯಾ ಯೋಚಿಸುತ್ತ ಹೋದಳು. ಹೋಗುವಾಗ ಜಮೀಲ್ ಸಾಬ ಹೇಗೋ ಕೇಳಿಕೊಂಡು ಹೋಗಿರಬಹುದು. ಬರುವಾಗ ದಾರಿ ತೋರಿಸುವ ನಕ್ಷೆ ಫೋನಿನಲ್ಲಿ ಇಲ್ಲ. ರಸ್ತೆಯ ಫಲಕ ಓದಲು ಬರದು. ಯಾರಿಗಾದರೂ ಫೋನು ಮಾಡೋಣವೆಂದರೆ ಕರೆ ಹೋಗದು. ಈ ಸುಡುವ ವೈಶಾಖದಲ್ಲಿ, ಬೇವಿನ ಮರದ ನೆರಳೂ ಬಿಸಿಯಾಗಿರುವ ಈ ಸೀಮೆಯಲ್ಲಿ, ಒಬ್ಬ ಪರದೇಶಿ ನಿನ್ನೆಯಿಂದ ಎಲ್ಲಿದ್ದಾನೆ?

ಅವಳು ಗಲ್ಲೆಯ ಮೇಲಿನ ಫೋನು ತೆಗೆದುಕೊಂಡು ಮೊದಲು ಆ ನಂಬರಿಗೆ ರಿಚಾರ್ಜ್ ಹಾಕಿದಳು. ಆಮೇಲೆ ಕರೆ ಮಾಡಿದಳು. ರಿಂಗ್ ಆಯಿತು. ಕೊನೆಯ ತನಕ ಆಯಿತು, ಯಾರೂ ಎತ್ತಲಿಲ್ಲ. ಮತ್ತೊಮ್ಮೆ ಮಾಡಿದಳು. ಮತ್ತೂ ಕೊನೆಯ ತನಕ.

ಮುಕ್ರಮ ಫೋನು ಕಸಿದುಕೊಂಡ. ಕೆಟ್ಟವನಲ್ಲ ಅವನು, ಇದನ್ನು ಹೇಳಲೇಬೇಕು. ನೆರೆಮನೆಯವರ ಕಷ್ಟಕ್ಕೆ ಉಟ್ಟ ಬಟ್ಟೆಯಲ್ಲೇ ಓಡುವ ಮನುಷ್ಯ. ಆದರೆ ಪೊಲೀಸು, ಕೋರ್ಟು ಎಂದರೆ ಅವನ ಜೀವ ಹಾರಿಹೋಗುತ್ತದೆ. ಹೋದ ವರ್ಷ ಶಹಾಬಾದಿನಲ್ಲಿ ಒಬ್ಬ ಅಂಗಡಿಯವನನ್ನು ಬೇರೆಯವರ ಹೆಸರಿನ ಸಿಮ್ ಕೊಟ್ಟನೆಂದು ಎಳೆದೊಯ್ದಿದ್ದರು. ಆ ಅಂಗಡಿಯ ಬೀಗ ಇನ್ನೂ ತೆಗೆದಿಲ್ಲ. ಪರದೇಶದವನಿಗೆ ಕೊಟ್ಟದ್ದು ಗೊತ್ತಾದರೆ ಜೈಲಿಗೆ ಹಾಕಿ ಕೀಲಿಕೈಯನ್ನು ಕಾಗಿಣಾ ನದಿಗೆ ಎಸೆಯುತ್ತಾರೆ ಎಂದು ಅವನು ಪಿಸುಗುಟ್ಟಿದ. ಹೀಗೆನ್ನುತ್ತಲೇ ಮಶೀನು ಎಳೆದು ಅವಳ ಮುಂದೆ ಇಟ್ಟ. ಅದರ ಗಾಜಿನಡಿ ಕೆಂಪು ದೀಪ ಹತ್ತಿತು.

"ನಂಬರ್ ಬಂದ್ ಮಾಡಿಬಿಡಾಣು," ಎಂದ. "ಹೆಸರು ನಿಂದದ, ನಿನ್ನ ಹೆಬ್ಬೆಟ್ಟೇ ಬೇಕು. ಇಡು ಲಗೂನ."

ನಾಜಿಯಾ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಮುಷ್ಟಿ ಕಟ್ಟಿದಳು.

"ರಿಂಗ್ ಆಗಾಕತ್ತದ. ಅಂದ್ರ ಫೋನಿನಾಗ ಇನ್ನ ಜೀವ ಅದ. ಪೊಲೀಸರಿಗೆ ನಂಬರ್ ಕೊಟ್ರ ಅದು ಎಲ್ಲಿ ಅದಂತ ಹಿಡೀತಾರ. ನೀವು ಬಂದ್ ಮಾಡಿದ್ರ ಆ ಮನಷಾ ಎಲ್ಲಿ ಅದಾನಂತ ಅಲ್ಲಾಗಷ್ಟೇ ಗೊತ್ತಿರ್ತದ."

ಅವನು ಬೇಡಿಕೊಂಡ. ಗದರಿಸಿದ. ಜಮೀಲ್ ಸಾಬ ಯಾರದೋ ಮನೆಯಲ್ಲಿ ಆರಾಮ ಮಲಗಿರಬಹುದು, ಫೋನು ಎಲ್ಲೋ ಬಿದ್ದಿರಬಹುದು, ನಾವು ಯಾಕೆ ಕೈಯಾರೆ ಕೊರಳಿಗೆ ಹಗ್ಗ ಹಾಕಿಕೊಳ್ಳಬೇಕು ಎಂದ. ಸಂಜೆಯ ತನಕ ನೋಡೋಣ ಎಂದ. ಸಂಜೆಯ ತನಕ ಎಂಬ ಮಾತು ನಾಜಿಯಾಗೆ ಕೆಂಡದಂತೆ ತಾಗಿತು. ಹೊರಗೆ ಆಗಲೇ ಬಸ್‌ಸ್ಟ್ಯಾಂಡಿನ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಈ ಬಿಸಿಲಿನಲ್ಲಿ ನೀರಿಲ್ಲದೆ ಬಿದ್ದವನಿಗೆ ಸಂಜೆ ಎಂಬುದು ಇರುವುದಿಲ್ಲ.

ಅಷ್ಟರಲ್ಲಿ ಪೊಲೀಸ್ ಜೀಪೇ ಬಂತು. ಪಿಎಸ್‌ಐ ಗುರುದೇವಿ ಬಸ್‌ಸ್ಟ್ಯಾಂಡಿನ ಸುತ್ತಲಿನ ಅಂಗಡಿ ಅಂಗಡಿ ಹತ್ತಿ ಇಳಿದು ವಿಚಾರಿಸುತ್ತಿದ್ದಳು. ಅವಳ ಹಿಂದೆ ಶಾಂತಕುಮಾರ, ಇಬ್ಬರು ಪೊಲೀಸರು, ಅವರ ಹಿಂದೆ ಕೆಲಸವಿಲ್ಲದವರು, ಕೆಲಸ ಬಿಟ್ಟವರು, ಬಸ್ಸು ತಪ್ಪಿಸಿಕೊಂಡವರು. ಪರದೇಶಿ ಕಳೆದಿದ್ದಾನೆಂಬ ಸುದ್ದಿ ಆಗಲೇ ಊರೆಲ್ಲ ಆಗಿತ್ತು. ಗುರುದೇವಿ ಮೆಟ್ಟಿಲು ಹತ್ತದೆ ಕೆಳಗಿನಿಂದಲೇ ಮುಕ್ರಮನನ್ನು ಕೇಳಿದಳು. ಮುಕ್ರಮ ಬೆಳಿಗ್ಗೆ ಹೇಳಿದ್ದನ್ನೇ ಹೇಳಿದ. ಅವಳು ತಲೆಯಾಡಿಸಿ ಮುಂದಿನ ಅಂಗಡಿಯತ್ತ ತಿರುಗಿದಳು.

ನಾಜಿಯಾ ಪರದೆಯ ಹಿಂದೆ ಬುರ್ಖಾ ಹಾಕಿಕೊಂಡಳು. ಹೊರಗೆ ಬಂದು ಗಂಡನ ಪಕ್ಕದಿಂದ ದಾಟಿ ಮೆಟ್ಟಿಲಿನ ಮೇಲೆ ನಿಂತಳು.

"ಮೇಡಮ್, ಅವರ ಹಂತೇಲಿ ಇಲ್ಲೀದೊಂದು ನಂಬರ್ ಅದರಿ," ಎಂದಳು. "ಅದು ನನ್ನ ಹೆಸರಿಂದದ. ರಿಂಗ್ ಆಗಾಕತ್ತದ, ಎತ್ತಲಿಕತ್ತಿಲ್ಲ."

ಗುರುದೇವಿ ತಿರುಗಿ ಬಂದು ನಂಬರು ಬರೆದುಕೊಂಡು, ಅದು ಎಲ್ಲಿದೆ ಎಂದು ಹುಡುಕಲು ಅಲ್ಲಿಂದಲೇ ಕಲಬುರಗಿಯ ಪೊಲೀಸ್ ಆಫೀಸಿಗೆ ಫೋನು ಹಚ್ಚಿ ಹೇಳಿದಳು. ಹೇಳಿ ಮುಗಿಸಿ ನಾಜಿಯಾಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ನಿಮ್ಮ ಹೆಸರಿನ ಸಿಮ್ ಆ ಮನುಷ್ಯನ ಕೈಗೆ ಹೇಗೆ ಹೋಯಿತು ಎಂದು ಕೇಳಿದಳು.

ನಾಜಿಯಾ ಗಂಡನತ್ತ ನೋಡಿದಳು. ಅವನು ಹೇಳಲಿ ಎಂದು ಕಾದಳು. ಸುತ್ತ ನಿಂತಿದ್ದವರೆಲ್ಲ ಗುರುತಿನವರೇ. ಹಣ್ಣಿನ ಗಾಡಿಯ ಲಾಲ್ ಅಹ್ಮದ್, ಎದುರಿನ ಖಾನಾವಳಿಯವರು, ಮಸೀದಿಯಲ್ಲಿ ದಿನಾ ಸಿಗುವವರು. ಮುಕ್ರಮನ ಕಣ್ಣು ಗಲ್ಲೆಯ ಮೇಲಿನ ಮಶೀನಿನ ಮೇಲಿತ್ತು. ಅವನನ್ನು ಎಳೆದೊಯ್ದರೆ ಎಂಬ ಹೆದರಿಕೆ ಅವಳಿಗೂ ಇತ್ತು.

"ನಾ ಕೊಟ್ಟೀನ್ರಿ," ಎಂದಳು.

"ನೀವಾ? ನಿಮ್ಮ ಮನಿಯವರಿಗೆ ಗೊತ್ತಿದ್ದಿಲ್ಲೇನು?"

ಅವಳು ಬಾಯಿ ತೆರೆಯುವ ಮೊದಲೇ ಮುಕ್ರಮ ಉತ್ತರ ಕೊಟ್ಟ. "ನನಗೇನೂ ಗೊತ್ತಿಲ್ರಿ ಮೇಡಮ್."

ಗುಂಪಿನಲ್ಲಿ ಯಾರೋ ಒಬ್ಬ ಮೆಲ್ಲಗೆ ನಕ್ಕ. ಇನ್ನೊಬ್ಬ ಕಣ್ಣು ಕೆಳಗೆ ಹಾಕಿದ. ಗಂಡನಿಗೆ ಗೊತ್ತಿಲ್ಲದೆ ಪರದೇಶದ ಗಂಡಸಿಗೆ ತನ್ನ ನಂಬರು ಕೊಟ್ಟ ಹೆಂಗಸು. ಆ ಮಾತನ್ನು ಯಾರೂ ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ನಾಜಿಯಾಗೆ ಕಿವಿಯವರೆಗೆ ಬಿಸಿಯೇರಿತು. ನಾಚಿಕೆಯಲ್ಲ ಅದು, ಉರಿ. ಸುಮ್ಮನಿದ್ದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಅವನು ಸುಮ್ಮನೂ ಇರಲಿಲ್ಲ.

ಗುರುದೇವಿಗೆ ಹೆಚ್ಚು ಕೇಳಲು ಪುರುಸೊತ್ತಿರಲಿಲ್ಲ. ಆ ಫೋನಿಗೆ ಗುರುತಿನ ನಂಬರಿನಿಂದ ಕರೆ ಹೋದರೆ ಎತ್ತಿದರೂ ಎತ್ತಬಹುದು, ನೀವು ನಮ್ಮ ಕೂಡ ಬರ್ರಿ ಎಂದಳು. ನಾಜಿಯಾ ಅಂಗಡಿಯ ಫೋನು ತೆಗೆದುಕೊಂಡು ಮೆಟ್ಟಿಲಿಳಿದು, ಇಡೀ ಬಸ್‌ಸ್ಟ್ಯಾಂಡು ನೋಡುತ್ತಿರಲು, ಪೊಲೀಸ್ ಜೀಪು ಹತ್ತಿದಳು. ಮುಕ್ರಮ ಅಂಗಡಿಯಿಂದ ಹೊರಗೆ ಬರಲಿಲ್ಲ.

ಜೀಪು ಚಿಂಚೋಳಿ ರಸ್ತೆ ಹಿಡಿಯಿತು. ಎರಡೂ ಕಡೆ ತೊಗರಿ ಕಿತ್ತ ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು. ಕಲಬುರಗಿಯಿಂದ ಉತ್ತರ ಬರಲಿಲ್ಲ. ನಾಜಿಯಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಕರೆ ಮಾಡಬೇಕೆಂದು ಬೆರಳು ತುಡಿಯುತ್ತಿತ್ತು. ಗುರುದೇವಿ ಬೇಡವೆಂದಳು. ನಿನ್ನೆಯಿಂದ ಚಾರ್ಜು ಕಾಣದ ಫೋನು, ಒಂದೊಂದು ರಿಂಗಿಗೂ ಬ್ಯಾಟರಿ ಇಳಿಯುತ್ತದೆ, ಹತ್ತಿರ ಹೋದ ಮೇಲೆ ಹಚ್ಚಿದರೆ ಸದ್ದಾದರೂ ಕೇಳಿಸುತ್ತದೆ ಎಂದಳು. ಆ ಮಾತು ಸರಿಯಿತ್ತು. ಆದರೂ ಸುಮ್ಮನೆ ಕೂಡ್ರುವುದೆಂದರೆ ಕಲ್ಲು ನುಂಗಿದಂತಾಗುತ್ತಿತ್ತು.

ಕೊನೆಗೂ ಕಲಬುರಗಿಯಿಂದ ಫೋನು ಬಂತು. ನಂಬರು ರಸ್ತೆಯ ಎಡಕ್ಕಿರುವ ಒಂದು ಟವರಿನ ಕೆಳಗಿದೆ, ನಿನ್ನೆ ಮಧ್ಯಾಹ್ನದಿಂದ ಅಲ್ಲಿಂದ ಕದಲಿಲ್ಲ. ಜೀಪಿನಲ್ಲಿ ಕೂತಿದ್ದ ಹಳೆಯ ಪೊಲೀಸ್ ಅಂಬರಾಯ ಅದನ್ನು ಕೇಳಿ, ಆ ದಿಕ್ಕಿಗೆ ಇರುವುದೆಲ್ಲ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳು, ಅರ್ಧಕ್ಕರ್ಧ ಬಿಟ್ಟುಹೋದವು ಎಂದ.

ಖಣಿಗಳನ್ನು ನಾಜಿಯಾ ದೂರದಿಂದ ನೋಡಿದ್ದಳೇ ಹೊರತು ಒಳಗೆ ಬಂದಿರಲಿಲ್ಲ. ದಾರಿಯ ಎರಡೂ ಬದಿಗೆ ಒಡೆದ ಕಲ್ಲಿನ ಗುಡ್ಡೆಗಳು ಮನೆಯೆತ್ತರ ಬಿದ್ದಿದ್ದವು. ದಾರಿ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಿತ್ತು. ಯಾವ ದಾರಿ ಹಿಡಿದರೂ ಒಂದು ತಿರುವಿನಲ್ಲಿ ನೆಲ ಸಟ್ಟನೆ ಮುಗಿದು ಕೆಳಗೆ ಗುಂಡಿ. ಅಂಚಿಗೆ ಬೇಲಿಯಿಲ್ಲ, ಕಲ್ಲಿಲ್ಲ, ಒಂದು ಬರಹವಿಲ್ಲ. ಸಮೀಪದ ಖಣಿಯ ಕೆಲಸದವರು ಹತ್ತು ಜನ ಹಗ್ಗ ಹಿಡಿದು ಬಂದರು. ಎಲ್ಲರೂ ಬೇರೆ ಬೇರೆ ಗುಂಡಿಗಳ ಅಂಚಿಗೆ ಹೋಗಿ ನಿಂತರು.

"ಈಗ ಹಚ್ರಿ," ಎಂದಳು ಗುರುದೇವಿ.

ನಾಜಿಯಾ ಹಚ್ಚಿದಳು. ಅವಳ ಕಿವಿಯಲ್ಲಿ ರಿಂಗ್ ಆಗುತ್ತಿತ್ತು. ಹೊರಗೆ ಬಿಸಿಗಾಳಿಯ ಸದ್ದೊಂದೇ. ಯಾರೂ ಕೈ ಎತ್ತಲಿಲ್ಲ. ಮುಂದಿನ ಗುಂಡಿಗಳ ಸಾಲಿಗೆ ನಡೆದರು. ಕಲ್ಲಿನ ಚಕ್ಕೆಗಳ ಮೇಲೆ ಅವಳ ಚಪ್ಪಲಿ ಜಾರುತ್ತಿತ್ತು, ಬುರ್ಖಾದ ಅಂಚು ಜಾಲಿಯ ಮುಳ್ಳಿಗೆ ಸಿಕ್ಕು ಹರಿಯಿತು. ಮತ್ತೆ ಹಚ್ಚಿದಳು. ಈ ಸಲ ರಿಂಗೇ ಆಗಲಿಲ್ಲ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಲ್ಲಿಲ್ಲ ಎಂದು ಒಂದು ಹೆಣ್ಣುದನಿ ತಣ್ಣಗೆ ಹೇಳಿತು. ಅಲ್ಲಾ, ಬ್ಯಾಟರಿ ಮುಗಿಯಿತೇ ಎಂದುಕೊಂಡಳು. ಮುಂಜಾನೆ ಎರಡು ಸಲ ಸುಮ್ಮನೆ ಕರೆ ಮಾಡಿ ಕೆಡಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಗಂಡನ ಜೊತೆ ವಾದ ಮಾಡುತ್ತ ನಿಂತದ್ದಕ್ಕೆ ಬೈದುಕೊಂಡಳು. ಗುರುದೇವಿ ಅವಳ ಮೊಣಕೈ ಹಿಡಿದು ಎತ್ತರದ ಕಲ್ಲುಗುಡ್ಡೆಯೊಂದರ ಮೇಲೆ ಹತ್ತಿಸಿದಳು, ಅಲ್ಲಿಂದ ಸಿಗ್ನಲ್ ಚಲೋ ಸಿಗಬಹುದೆಂದು.

ಮೂರನೆಯ ಸಲ ಹಚ್ಚಿದಾಗ ರಿಂಗ್ ಆಯಿತು.

ಎಲ್ಲಿಂದಲೋ ಒಂದು ಕೂಸಿನ ದನಿ ಬಂತು. ಕಲ್ಲುಗಳ ನಡುವಿನಿಂದ, ನೆಲದ ಕೆಳಗಿನಿಂದ, ಚಿಕ್ಕ ಹುಡುಗಿಯೊಬ್ಬಳು ನಗುತ್ತ ಏನೋ ಕರೆಯುತ್ತಿದ್ದಳು. ಮಾತು ಯಾರಿಗೂ ತಿಳಿಯಲಿಲ್ಲ. ನಡುನಡುವೆ ಬಾಬಾ, ಬಾಬಾ ಎಂಬುದಷ್ಟೇ ತಿಳಿಯಿತು. ಕೆಲಸದವರು ಹೆದರಿ ಒಬ್ಬರ ಮುಖ ಒಬ್ಬರು ನೋಡಿದರು. ಬಾಬಾ ಎಂದರೆ ಅಪ್ಪ, ನಾಜಿಯಾಗೆ ಅರ್ಥವಾಯಿತು. ಆ ಮನುಷ್ಯ ಮಗಳ ದನಿಯನ್ನೇ ರಿಂಗಿಗೆ ಇಟ್ಟುಕೊಂಡಿದ್ದ.

"ಅವರದೇ ಅದರಿ, ಅವರ ಮಗಳು," ಎಂದು ಅವಳು ಕೂಗಿದಳು. ಬಲಗಡೆಯ ಗುಂಡಿಯ ಅಂಚಿನಲ್ಲಿದ್ದ ಅಂಬರಾಯ ಆಗಲೇ ಎರಡೂ ಕೈ ಎತ್ತಿ ಬೀಸುತ್ತಿದ್ದ.

ಮೋಟರ್ ಸೈಕಲ್ಲು ಕಲ್ಲು ಕಡಿದು ಉಳಿದಿದ್ದ ಗುಂಡಿಯ ನಡುಮೆಟ್ಟಿಲಿನ ಮೇಲೆ ಅಡ್ಡ ಬಿದ್ದಿತ್ತು. ಅದರ ಕೆಳಗೆ ಅವನ ಒಂದು ಕಾಲು. ಫೋನು ಕೈಗೆ ಸಿಗದಷ್ಟು ದೂರ ಹಾರಿ ಕಲ್ಲಿನ ಸಂದಿಯಲ್ಲಿ ಕೂತಿತ್ತು. ಅವನು ಕೇಳಿಸಿಕೊಳ್ಳುತ್ತ ಬಿದ್ದಿದ್ದ, ಒಂದೊಂದು ರಿಂಗಿಗೂ, ಮಗಳು ಕರೆಯುವುದನ್ನು. ಬೆಳಗಿನಿಂದ ಗುಂಡಿಯ ಗೋಡೆಯ ನೆರಳು ಅವನ ಮೇಲಿದ್ದದ್ದೇ ಅವನ ಪುಣ್ಯ. ಆ ನೆರಳು ಈಗ ಸರಿದು ಅವನ ಎದೆಯ ತನಕ ಬಿಸಿಲು ಬಂದಿತ್ತು. ಹಗ್ಗದಲ್ಲಿ ಇಳಿದವರು ಬಾಯಿಗೆ ನೀರು ಹನಿಸಿದರು. ಉಸಿರಿದೆ ಎಂದು ಕೆಳಗಿನಿಂದ ಕೂಗಿದರು. ನಾಜಿಯಾ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತಳು, ಯಾರು ನೋಡಿದರೂ ನೋಡಲಿ ಎಂದು ಅತ್ತಳು.

ಮೇಲೆ ತಂದು ಮಲಗಿಸಿದಾಗ ಅವನು ಕಣ್ಣು ಬಿಟ್ಟ. ಪೊಲೀಸರ ಖಾಕಿ ಕಂಡು ಮೊದಲು ಗಾಬರಿಯಾದ. ಆಮೇಲೆ ಬುರ್ಖಾದ ಹೆಂಗಸನ್ನು ಕಂಡ. ಅಂಗಡಿಯ ಹಿಂದಿನ ಮನೆಯಲ್ಲಿ ಊಟ ಬಡಿಸಿದವಳೆಂದು ಗುರುತು ಹಿಡಿಯಲು ಒಂದಿಷ್ಟು ಹೊತ್ತು ಬೇಕಾಯಿತು. ಸೀಳಿದ ತುಟಿ ಅಲುಗಾಡಿಸಿ, ಸೇಡಂನಲ್ಲಿ ಕಲಿತ ನಾಲ್ಕು ಉರ್ದು ಮಾತನ್ನು ಒಂದೊಂದಾಗಿ ಹೆಕ್ಕಿ, ಅವಳಿಗಷ್ಟೇ ಕೇಳುವಂತೆ ಹೇಳಿದ.

"ನಂಬರ್... ಕಿಸೀಕೋ ನೈ ದಿಯಾ."

ಯಾರಿಗೂ ಕೊಟ್ಟಿಲ್ಲ. ಸಾವಿನ ಬಾಯಿಯಿಂದ ಈಚೆ ಬಂದವನು ನೀರು ಕೇಳಲಿಲ್ಲ, ಮಗಳ ಹೆಸರು ಹೇಳಲಿಲ್ಲ. ಕೊಟ್ಟ ಮಾತು ತಪ್ಪಿಲ್ಲ ಎಂದು ಒಪ್ಪಿಸಿದ. ಅವನನ್ನು ಆಂಬುಲೆನ್ಸಿನಲ್ಲಿ ಕಲಬುರಗಿಗೆ ಒಯ್ದರು.

ಮನೆಗೆ ಬಿಡುವಾಗ ಗುರುದೇವಿ ನಾಳೆ ಠಾಣೆಗೆ ಬಂದು ಹೇಳಿಕೆ ಕೊಡಬೇಕು ಎಂದಳು. ಖರೇ ಏನದ ಅದನ್ನೇ ಹೇಳ್ರಿ ಎಂದು ಸೇರಿಸಿದಳು. ಅವಳಿಗೆ ಎಲ್ಲ ತಿಳಿದಿತ್ತೆಂದು ನಾಜಿಯಾಗೆ ಅನ್ನಿಸಿತು.

ಮುಕ್ರಮ ಆ ಸಂಜೆ ಹೆಂಡತಿಯ ಸುತ್ತಮುತ್ತಲೇ ತಿರುಗಿದ. ಮನುಷ್ಯ ಬದುಕಿದನಲ್ಲ, ಅಲ್ಲಾ ದೊಡ್ಡವನು ಎಂದ. ತಾನೇ ಚಹಾ ಮಾಡಿ ತಂದಿಟ್ಟ. ಅವಳು ಕುಡಿಯಲಿಲ್ಲ. ಕೊನೆಗೆ ಮೆತ್ತಗೆ, ನಾಳೆ ನೀ ಇವತ್ತು ಹೇಳಿದಂತೆಯೇ ಹೇಳಿಬಿಡು, ಹೆಂಗಸರಿಗೆ ಏನೂ ಮಾಡುವುದಿಲ್ಲ, ಬೈದು ಬಿಡುತ್ತಾರೆ, ನನ್ನದಾದರೆ ಅಂಗಡಿಯೇ ಹೋಗುತ್ತದೆ ಎಂದ. ನಾಜಿಯಾ ಗಲ್ಲೆಯಲ್ಲಿದ್ದ ತನ್ನ ಹೆಸರಿನ ಉಳಿದ ಸಿಮ್ಮುಗಳನ್ನೆಲ್ಲ ತೆಗೆದು ಒಂದು ಕರವಸ್ತ್ರದಲ್ಲಿ ಗಂಟು ಕಟ್ಟಿ ತಲೆದಿಂಬಿನ ಪಕ್ಕ ಇಟ್ಟುಕೊಂಡಳು. ಆಮೇಲೆ ಒಂದೇ ಮಾತು ಹೇಳಿದಳು.

"ಅವ ಸಾಯಾಕ ಬಿದ್ದಾಗನೂ ನಿಮ್ಮ ಹೆಸರು ಕಾಯ್ದಾನ.‌ ನನ್ನ ಹೆಸರು ಯಾರು ಕಾಯ್ದಾರ?"

ಮುಕ್ರಮ ಆ ರಾತ್ರಿ ನಿದ್ದೆ ಮಾಡಿದನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಬೆಳಿಗ್ಗೆ ಅವಳು ಹೊರಟು ನಿಂತಾಗ ಅವನೂ ಅಂಗಿ ತೊಟ್ಟು ಸಿದ್ಧನಾಗಿದ್ದ. ದಾರಿಯುದ್ದಕ್ಕೂ ಎರಡು ಹೆಜ್ಜೆ ಹಿಂದೆಯೇ ಬಂದ. ಠಾಣೆಯ ಒಳಗಿನ ಕೋಣೆಯಲ್ಲಿ ಗುರುದೇವಿ ಒಬ್ಬಳೇ ಇದ್ದಳು. ನಾಜಿಯಾ ಕರವಸ್ತ್ರದ ಗಂಟನ್ನು ಮೇಜಿನ ಮೇಲಿಟ್ಟು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮುಕ್ರಮ ಮುಂದೆ ಬಂದ. ಸಿಮ್ ನಾ ಕೊಟ್ಟೀನ್ರಿ, ಹೆಬ್ಬೆಟ್ಟು ಹಾಕಿಸಿದವನೂ ನಾನೇ, ನಿನ್ನೆ ಹೆದರಿ ಸುಳ್ಳಾಡಿದೆ ಎಂದು ಒಂದೇ ಉಸಿರಿಗೆ ಹೇಳಿದ. ಗುರುದೇವಿ ಎಲ್ಲ ಬರೆದುಕೊಂಡಳು, ಸಹಿ ಹಾಕಿಸಿದಳು. ಮಶೀನು ತಂದು ಒಪ್ಪಿಸಬೇಕು, ಹೇಳುವ ತನಕ ಅಂಗಡಿ ತೆರೆಯಬಾರದು, ಮುಂದಿನದು ಮೇಲಿನವರು ನೋಡುತ್ತಾರೆ ಎಂದಳು. ಅವನನ್ನು ಒಳಗೆ ಹಾಕಲಿಲ್ಲ.

ಹೊರಗೆ ಬಂದಾಗ ಅವನ ಮುಖ ಹಗುರಾಗಿತ್ತು. ದೊಡ್ಡ ಹೊರೆ ಇಳಿಸಿದವನಂತೆ ಗೇಟಿನ ಹತ್ತಿರ ನಿಂತು ಹೆಂಡತಿಯ ಬಾಯಿಂದ ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದ. ನಾಜಿಯಾ ಕೂಡ ತನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆಯಿಂದ ಜನ ಬರುತ್ತಿದ್ದರು. ಅವರಲ್ಲಿ ಇಬ್ಬರು ಅವಳನ್ನು ಕಂಡು ಮಾತು ನಿಲ್ಲಿಸಿ, ದಾಟಿಹೋದ ಮೇಲೆ ಮತ್ತೆ ಶುರು ಮಾಡಿದರು. ಆ ದಾರಿಯ ತುದಿಗೆ ಹಣ್ಣಿನ ಗಾಡಿ, ಖಾನಾವಳಿ, ಎಲ್ಲ ನಿನ್ನೆ ಇದ್ದಲ್ಲೇ ಇದ್ದವು.

"ಹೇಳಿಬಿಟ್ಟೆನಲ್ಲ," ಎಂದ ಮುಕ್ರಮ.

"ಗೊತ್ತಿಲ್ಲ ಅಂದದ್ದು ಬಜಾರದಾಗ," ಎಂದಳು ನಾಜಿಯಾ. "ಗೊತ್ತದ ಅಂದದ್ದು ನಾಲ್ಕು ಗ್ವಾಡಿ ಒಳಗ. ನಡೀರಿ, ಅಂಗಡಿ ಮುಂದ ನಿಂತು ಅನ್ರಿ. ಲಾಲ್ ಅಹ್ಮದ್ ಭಾಯಿಗೆ ಕೇಳೂವಂಗ ಅನ್ರಿ."

ಅವಳು ಬಸ್‌ಸ್ಟ್ಯಾಂಡಿನ ದಾರಿ ಹಿಡಿದು ಅವನು ಬರಲೆಂದು ನಿಂತಳು.